ಭಾವನವರು ನಂಬಿದ ಒಂದೇ ಒಂದು ಪ್ರೋಗ್ರಾಂ

ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ಈ ಭೂಮಿಯ ಮೇಲೆ ನಂಬಿದ್ದು ಒಂದೇ ಒಂದನ್ನು. ದೇವರಲ್ಲ, ಡಾಕ್ಟರಲ್ಲ, ನನ್ನ ಅಡುಗೆಯಂತೂ ಅಲ್ಲವೇ ಅಲ್ಲ! ತಾವೇ ಬರೆದ ಒಂದು ಪ್ರೋಗ್ರಾಂ.

ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ನೋಡಬೇಕು. ಬೋರ್ಡಿನಲ್ಲಿ ‘ಬಾಳ್ಳುಪೇಟೆ’ ಎಂದು ಮೊಳದುದ್ದ ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತಾರೆ. ಸುತ್ತಿಬಂದು ಡ್ರೈವರನ್ನು ಕೇಳುತ್ತಾರೆ. ಕೊನೆಗೆ ಕಿಟಕಿ ಪಕ್ಕದ ಅಜ್ಜಿಯನ್ನು. ಮೂರೂ ಉತ್ತರ ತಾಳೆಯಾದರೆ ಹತ್ತುತ್ತಾರೆ, ಬಸ್ಸು ಇನ್ನೂ ಅಲ್ಲೇ ಇದ್ದರೆ!

“ಹತ್ತಿ ಸಾ, ಬಾಳ್ಳುಪೇಟೆ ಎಲ್ಲೂ ಹೋಗ್ಬುಟ್ಟಿಲ್ಲ, ಅಲ್ಲೇ ಐತೆ!” ಎಂದ ಒಬ್ಬ ಕಂಡಕ್ಟರ್.

“ನೀನು ನೋಡ್ಕೊಂಡು ಬಂದು ಎಷ್ಟೊತ್ತಾಯ್ತು ಮಾರಾಯ?” ಎಂದರು ಇವರು!

ಮನೆಯಲ್ಲಿ ನನ್ನ ಹುಳಿಗೂ ಇದೇ ಗತಿ. ಮೂರು ಬಟ್ಟಲಿಗೆ ಹಾಕಿ, ಮನೆಯ ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಉಪ್ಪು ನೋಡಬೇಕು. ಒಬ್ಬರ ಮುಖ ನೋಡಿ ಇನ್ನೊಬ್ಬರು ‘ಚೆನ್ನಾಗಿದೆ’ ಅಂದುಬಿಟ್ಟರೆ? ಸಂಶಯ ಪಾಪವೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಆರುತ್ತಿರುವ ಹುಳಿಯನ್ನು ನೋಡುತ್ತಾ ನಾನು ಭಾವನ ಪಾಪವನ್ನು ಕ್ಷಮಿಸಿಬಿಡುತ್ತಿದ್ದೆ.

ಇಂಥವರು ಕಾಲೇಜಿನಲ್ಲಿ ಕಲಿಸುವುದು ಕಂಪ್ಯೂಟರಿನ ಸಿ ಭಾಷೆ. ನಲವತ್ತು ಮಕ್ಕಳ ಪ್ರೋಗ್ರಾಂಗಳನ್ನು ಒಂದೊಂದಾಗಿ ಓಡಿಸಿ ನೋಡುವುದು ತಡವೆಂದು, ಅವನ್ನೆಲ್ಲ ಪರೀಕ್ಷಿಸುವ ಪ್ರೋಗ್ರಾಂ ಒಂದನ್ನು ಬರೆದರು.

“ಒಂದೇ ಸಲಕ್ಕೆ ನಲವತ್ತಾಗಿ ಕವಲೊಡೀತೈತೆ ಕಣಮ್ಮ. ಒಂದೊಂದು ಕವಲು ಒಬ್ಬೊಬ್ಬರದನ್ನ ಓಡಿಸ್ತೈತೆ. ಐದು ಸೆಕೆಂಡಲ್ಲಿ ಮುಗೀದಿದ್ರೆ ಕತ್ತು ಹಿಡಿದು ಆಚೆಗೆ!”

“ಇದನ್ನು ಯಾರು ಪರೀಕ್ಷೆ ಮಾಡಿದ್ರು ಭಾವ?”

“ಬರೆದಿದ್ದು ನಾನು ಕಣಮ್ಮ!” ಅಲ್ಲಿಗೆ ಮಾತು ಮುಗಿಯಿತು.

ಆ ಸಲದ ಲೆಕ್ಕ, ನಕ್ಷತ್ರ ಚಿಹ್ನೆಗಳಿಂದ ತ್ರಿಕೋನ ಮೂಡಿಸುವುದು. ತುಂಟನೊಬ್ಬ ನಕ್ಷತ್ರದ ಬದಲು @ ಹಾಕಿದ್ದ. ಪಾಳ್ಯದ ಹುಡುಗಿಯೊಬ್ಬಳ ಉತ್ತರದಲ್ಲಿ ಮೇಲಿನ ಮೂರು ಸಾಲು ನಕ್ಷತ್ರ, ಕೆಳಗೆಲ್ಲ ಅವನ @!

“ಕಾಪಿ! ಅದೂ ಅರ್ಧಂಬರ್ಧ!” ಎಂದು ಭಾವ ಅವಳಿಗೆ ಸೊನ್ನೆ ಸುತ್ತಿ, ಅಪ್ಪನನ್ನು ಕರೆದುಕೊಂಡು ಬಾ ಎಂದು ಕಳಿಸಿಬಿಟ್ಟರು. ಅಪ್ಪ ಬರಲಿಲ್ಲ. ಹುಡುಗಿಯೂ ನಾಲ್ಕು ದಿನ ಬರಲಿಲ್ಲ. ‘ಕದ್ದು ಓದೋ ವಿದ್ಯೆ ಬ್ಯಾಡ, ಗದ್ದೆಗೆ ಬಾ’ ಎಂದು ಅಪ್ಪ ಕಾಲೇಜು ಬಿಡಿಸಿದರಂತೆ ಎಂದು ಅವಳ ಗೆಳತಿ ಹೇಳಿದಳಂತೆ.

“ನಾಟಕ ಇರ್ಬೋದು,” ಎಂದರು ಭಾವ. ಆದರೆ ಅಂದು ಉಪ್ಪು ಪರೀಕ್ಷಿಸದೆ ಉಂಡರು. ನನಗೇ ಅನುಮಾನ ಬಂತು!

ಹುಡುಗಿಯ ಪ್ರೋಗ್ರಾಂ ಅಚ್ಚಾದ ಹಾಳೆ ಊಟದ ಮೇಜಿನ ಮೇಲೇ ಇತ್ತು. ನನಗೆಲ್ಲಿಯ ಸಿ ಭಾಷೆ! ಆದರೆ ಕಾನ್ವೆಂಟಿನಲ್ಲಿ ಎಳೆ ಎಣಿಸಿ ಕಸೂತಿ ಹಾಕಿದ ಕಣ್ಣಲ್ಲವೆ? ಬೆರಳಿಟ್ಟು ಸಾಲು ಸಾಲಾಗಿ ನೋಡಿದೆ. ಎರಡು ಸಲ.

“ಭಾವ, ಇವಳು ಬರೆದಿದ್ದರಲ್ಲಿ ಎಲ್ಲೂ ಆ @ ಇಲ್ಲವಲ್ಲ. ಇಲ್ಲದ್ದು ಉತ್ತರದಲ್ಲಿ ಎಲ್ಲಿಂದ ಬಂತು?”

ಭಾವ ಹಾಳೆ ಕಿತ್ತುಕೊಂಡರು. ಅವಳ ಪ್ರೋಗ್ರಾಂ ಒಂದನ್ನೇ ಓಡಿಸಿದರು. ಪೂರ್ತಿ ನಕ್ಷತ್ರ! ನಲವತ್ತನ್ನೂ ಒಟ್ಟಿಗೆ ಓಡಿಸಿದರು. ಈ ಸಲ @ ಇನ್ನಾರದೋ ತ್ರಿಕೋನದೊಳಗೆ ಕೂತಿತ್ತು.

“ಅಯ್ಯೋ! ಉತ್ತರ ಬರೆಯೋಕೆ ನಲವತ್ತು ಜನಕ್ಕೂ ಒಂದೇ ಫೈಲು ಕೊಟ್ಬುಟ್ಟಿದೀನಿ ಕಣಮ್ಮ. ಒಬ್ಬರದರ ಮೇಲೆ ಒಬ್ಬರು ಬರೀತಾವ್ರೆ.”

ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಪಾಳ್ಯಕ್ಕೆ ಹೊರಟರು. ಹುಡುಗಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ನಮ್ಮನ್ನು ಕಂಡವಳೇ ಎದ್ದು ಗೋಡೆಗೆ ಒತ್ತಿ ನಿಂತಳು. ಅಪ್ಪ ಹೊರಬಂದರು, ಕೂರಿ ಎನ್ನಲಿಲ್ಲ.

“ನಿಮ್ಮ ಮಗಳು ಕದ್ದಿಲ್ಲ ಕಣ್ರೀ,” ಎಂದರು ಭಾವ. “ತಪ್ಪು ನಂದು. ಕ್ಲಾಸಲ್ಲೂ ಎಲ್ಲರ ಮುಂದೆ ಹೇಳ್ತೀನಿ.” ಆಮೇಲೆ ತಾವೇ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು ಅವಳತ್ತ ತಿರುಗಿಸಿದರು. “ಸರಿ ಮಾಡಿದೀನಿ ಕಣವ್ವ. ಇನ್ನೆಲ್ಲಾದ್ರೂ ತಪ್ಪೈತಾ, ನೀನೊಂದ್ಸಲ ನೋಡು.”

ಅವಳು ಕೈಯ ಹೊಟ್ಟನ್ನು ಲಂಗಕ್ಕೆ ಒರೆಸಿಕೊಂಡು ಬಗ್ಗಿ ನೋಡಿದಳು. ತುಂಬಾ ಹೊತ್ತು. “ಸಾ... ಈ ಸಾಲು...” ಎಂದಳು ಹೆದರುತ್ತಾ.

“ಹೇಳವ್ವ,” ಎಂದು ಭಾವ ಕನ್ನಡಕ ಸರಿಮಾಡಿಕೊಂಡರು.

ಅಪ್ಪ ಒಳಗೆ ಹೋದರು. ಕಾಲೇಜಿನ ಬ್ಯಾಗು ತಂದು, ದೂಳು ಕೊಡವಿ, ಮಗಳ ಪಕ್ಕದಲ್ಲಿಟ್ಟರು.