ಸಂಬಳ ಸಹಿತ ರಜೆಯಲ್ಲಿರುವ ಎಮ್ಮೆಯವರಿಗೆ

ಮಾನ್ಯರೇ,

ಟಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಹಿತ್ತಲಲ್ಲಿ, ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ವಿರಾಜಮಾನರಾಗಿರುವ ತಮಗೆ, ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ನಸ್ರೀನಳ ಗೌರವಪೂರ್ವಕ ಸಲಾಮುಗಳು. ತಾವು ಗಬ್ಬವಾದ ಸುದ್ದಿ ತಿಳಿದಂದೇ ಬರೆಯಬೇಕೆಂದಿದ್ದೆ, ಬಿಡುವು ಸಿಗಲಿಲ್ಲ. ಈ ಪತ್ರವೂ ಬಿಡುವಿನ ಬಗ್ಗೆಯೇ.

ನಮ್ಮಿಬ್ಬರಿಗೂ ಅನ್ನ ಹಾಕುವ ಬಸಗೊಂಡಪ್ಪ ಸಾವ್ಕಾರರು, ತಾವು ಈಯಲು ಇನ್ನೂ ಎರಡು ತಿಂಗಳಿರುವಾಗಲೇ ಹಾಲು ಕರೆಯುವುದನ್ನು ನಿಲ್ಲಿಸಿ, ಹಿಂಡಿ ಬೆಲ್ಲದಲ್ಲಿ ಒಂದು ಹಿಡಿಯನ್ನೂ ಕಡಿಮೆ ಮಾಡದೆ ತಮ್ಮನ್ನು ವಿಶ್ರಾಂತಿಗೆ ಬಿಟ್ಟಿರುವುದನ್ನು ಕಿಟಕಿಯಿಂದ ದಿನವೂ ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತಿದ್ದೇನೆ. ಅರ್ಜಿಯಿಲ್ಲ, ಸಹಿಯಿಲ್ಲ, ಯಾಕೆಂದು ಕೇಳುವವರಿಲ್ಲ.

ನನ್ನ ಮಗಳು ಅಂಜುಮ ಚೊಚ್ಚಲ ಹೆರಿಗೆಗೆಂದು ವಿಜಯಪುರದ ನಮ್ಮ ಮನೆಗೆ ಬಂದಿದ್ದಾಳೆ. ಬಾಣಂತನ ಮಾಡಲು ಅವಳಿಗೆ ನನ್ನ ಹೊರತು ಯಾರೂ ಇಲ್ಲ. ಹದಿನೈದು ದಿನ ರಜೆ ಕೇಳಿದೆ. ಸಾವ್ಕಾರರು ಮೊಬೈಲಿನಿಂದ ಮುಖವೆತ್ತದೆ, “ಫ್ರಾನ್ಸಿನಾಗ ವರ್ಷಕ್ಕ ಐದ ವಾರ ಪಗಾರ ಕೊಟ್ಟ ಮನಿಗೆ ಕಳಸ್ತಾರಂತ್ರಿ ನಸ್ರೀನಬಾಯಿ, ಹಿಂಗಾದ್ರ ದೇಶ ಉದ್ಧಾರ ಆಗತೈತೇನ್ರಿ? ಅಮೇರಿಕಾದಾಗ ನೋಡ್ರಿ, ರಜಾ ಕೊಡಬೇಕಂತ ಕಾಯ್ದೇನ ಇಲ್ಲ” ಎಂದು ನನಗೆ ಲೋಕಜ್ಞಾನ ದಯಪಾಲಿಸಿದರು. ಬ್ರೆಜಿಲ್ಲಿನಲ್ಲಿ ಒಂದು ತಿಂಗಳೆಂದು ಓದಿ ತಲೆ ಚಚ್ಚಿಕೊಂಡರು. ಜಪಾನಿನವರು ಕೊಟ್ಟ ರಜೆಯನ್ನೂ ಪೂರ್ತಿ ತೆಗೆದುಕೊಳ್ಳುವುದಿಲ್ಲವೆಂದು ಓದಿ ಅವರ ಕಣ್ಣು ಒದ್ದೆಯಾಯಿತು. ಇಷ್ಟು ದೇಶ ಸುತ್ತಿದವರು ನಮ್ಮ ದೇಶಕ್ಕೆ ಮಾತ್ರ ಬರಲಿಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂಬ ಕಾಯ್ದೆ ಇಲ್ಲಿಯೂ ಇದೆಯಂತೆ. ಅದು ವಿಜಯಪುರದಿಂದ ಹೊರಟು ದಾರಿಯ ಇಟ್ಟಂಗಿಹಾಳದಲ್ಲಿ ಬಸ್ಸು ತಪ್ಪಿಸಿಕೊಂಡು ಕೂತಿರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ತಮ್ಮ ಕೊರಳನ್ನು ಸಾವ್ಕಾರರು ತುರಿಸುವಾಗ, ಅವರ ಕಿವಿಯಲ್ಲಿ ನನ್ನ ಪರವಾಗಿ ಒಂದು ಮಾತು ಹಾಕಬೇಕು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಜನ ತಮ್ಮ ಕುಲವನ್ನು ಸುಮ್ಮನೆ ಹಳಿಯುತ್ತಾರೆ. ಅವರು ಸಾವ್ಕಾರರ ಮುಂದೆ ಅರ್ಜಿ ಹಿಡಿದು ನಿಂತವರಲ್ಲ. ಅದೂ ಆಗದಿದ್ದರೆ ಹದಿನೈದು ದಿನದ ಮಟ್ಟಿಗೆ ನನ್ನ ಕುರ್ಚಿಯಲ್ಲಿ ತಾವು ಕೂರಬೇಕು. ತಮ್ಮನ್ನಾದರೆ ಅವರು ಏನೂ ಅನ್ನುವುದಿಲ್ಲ.

ತಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹೆರುವ ಜೀವಕ್ಕೆ ಆರೈಕೆ ಬೇಕೆಂಬುದು ಸಾವ್ಕಾರರಿಗೆ ಗೊತ್ತಿದೆಯಲ್ಲ, ಅದೇ ನನ್ನ ಸಂಕಟ. ಗೊತ್ತಿಲ್ಲದಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಅವರೇ ನನ್ನ ಮೇಜಿನ ಹತ್ತಿರ ಬಂದರು. ರಜೆ ಮಂಜೂರಾಯಿತೆಂದು ಎದ್ದು ನಿಂತೆ. “ಎಮ್ಮಿ ಇವತ್ತ ನಾಳೆ ಈಯೂ ಹಂಗ ಕಾಣತೈತ್ರಿ. ನೀವು ಹೆಣ್ಣಮಕ್ಕಳು, ನಿಮಗ ತಿಳೀತೈತಿ. ಎರಡ ದಿನ ಮನಿಗೆ ಹೋಗಬ್ಯಾಡ್ರಿ, ಇಲ್ಲೇ ಇದ್ದ ನೋಡಕೋರಿ” ಎಂದರು. ನನ್ನ ಅನುಭವದ ಮೇಲೆ ಅವರಿಗಿರುವ ಭರವಸೆಗೆ ನಾನು ಚಿರಋಣಿ.

ತಮಗೆ ಸುಖಪ್ರಸವವಾಗಲೆಂದು ಮನಸಾರೆ ಹಾರೈಸುವ,
ತಮ್ಮ ವಿಶ್ವಾಸಿ,
ನಸ್ರೀನ

ತಾ.ಕ.: ಅಂಜುಮಳಿಗೆ ನೋವು ಶುರುವಾಗಿದೆಯೆಂದು ಈಗಷ್ಟೇ ಫೋನು ಬಂತು. ನಾನು ವಿಜಯಪುರದ ಬಸ್ಸಿಗೆ ಹೊರಟೆ. ಕಚೇರಿಯ ಕೀಲಿಯನ್ನು ತಮ್ಮ ಗೂಟಕ್ಕೆ ತೂಗುಹಾಕಿದ್ದೇನೆ. ಸಾವ್ಕಾರರು ಬಂದರೆ, ಇದು ರಾಜೀನಾಮೆಯಲ್ಲ, ರಜೆ ಎಂದು ದಯವಿಟ್ಟು ತಿಳಿಸಿ. ಸಂಬಳ ಹಿಡಿಯಲೇಬೇಕೆಂದಿದ್ದರೆ, ಮೊದಲು ತಮ್ಮ ಹಿಂಡಿಯಿಂದ ಶುರು ಮಾಡಲಿ.