ಎಡಗಾಲಿನ ಕಾಲನಿರ್ಣಯ

ಹೆಸರಿಲ್ಲದ ಕಾಯಿಲೆಗೆ ಸಮಾಜದಲ್ಲಿ ಮರ್ಯಾದೆ ಕಡಿಮೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವಕ್ಕೆಲ್ಲ ಹೆಸರಿದೆ. ಹೆಸರಿರುವುದರಿಂದ ಪಥ್ಯವಿದೆ, ಬೆಳಗಿನ ವಾಯುವಿಹಾರದಲ್ಲಿ ಸಮಾನದುಃಖಿಗಳ ಬಳಗವಿದೆ. ನನಗಿರುವುದಕ್ಕೆ ಇನ್ನೂ ನಾಮಕರಣವಾಗಿಲ್ಲ. ಎಡಪಾದವು ಆಗಾಗ ನನ್ನದಲ್ಲವೆಂಬಂತೆ ವರ್ತಿಸುತ್ತದೆ. ಎಡಗೈಯ ಬೆರಳುಗಳಿಗೆ ಜೋಮು ಹೇಳದೆ ಬಂದು ಕೇಳದೆ ಹೋಗುತ್ತದೆ. ಚನ್ನಗಿರಿಯ ಬಸ್ ನಿಲ್ದಾಣದ ಬಳಿ ಪರಿಚಿತರು "ಏನಾಗೈತೆ ಸಾರ್?" ಎಂದರೆ "ಇನ್ನೂ ಗೊತ್ತಾಗಿಲ್ಲ" ಎನ್ನುತ್ತೇನೆ. ಆಗ ಅವರ ಮುಖದಲ್ಲಿ ಮೂಡುವುದು ಅನುಕಂಪವಲ್ಲ, ಅನುಮಾನ. ಹೊನ್ನಾಳಿಯ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲೇ ಇದು ವಾಯು ಎಂದು ತೀರ್ಮಾನಿಸಿ ಆಲೂಗಡ್ಡೆ ಬಿಡಿಸಿದರು. ಪಾದದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ, ಪಲ್ಯವೊಂದು ಕೈತಪ್ಪಿತು. ಹಾಗೆಂದು ಹೆಸರು ಸಿಕ್ಕರೆ ಸಾಕೆಂದು ನಾನು ಕಾದಿದ್ದೇನೆ ಎಂದುಕೊಳ್ಳಬೇಡಿ. ಕೆಲವು ಹೆಸರುಗಳನ್ನು ಮನಸ್ಸಿನಲ್ಲಿ ಉಚ್ಚರಿಸುವುದಕ್ಕೂ ನನಗೆ ಹೆದರಿಕೆ.

ನಾನು ವೃತ್ತಿಜೀವನವಿಡೀ ಮಾಡಿದ್ದು ಶಾಸನಗಳ ಕಾಲನಿರ್ಣಯ. ಸಂವತ್ಸರ, ಮಾಸ, ತಿಥಿ, ವಾರ ಒಂದಕ್ಕೊಂದು ತಾಳೆಯಾಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಸೂಳೆಕೆರೆಯ ಏರಿಯ ಮೇಲೆ ನಿಂತು ನೆಂಟರು "ಇದೆಷ್ಟು ಹಳೇದು?" ಎಂದು ಲೋಕಾಭಿರಾಮವಾಗಿ ಕೇಳಿದರೆ ನಾನು ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸತೊಡಗುತ್ತಿದ್ದೆ, ಅವರು ಒಬ್ಬೊಬ್ಬರಾಗಿ ಐಸ್‌ಕ್ರೀಮಿನ ಗಾಡಿಯ ಕಡೆ ಸರಿಯುತ್ತಿದ್ದರು. ಬಾಯಿಮಾತಿನ ಸಾಕ್ಷ್ಯವನ್ನಂತೂ ನಾನು ಹತ್ತಿರ ಸೇರಿಸಿದವನಲ್ಲ. ಜಗಳೂರು ಸೀಮೆಯ ಸೊಕ್ಕೆಯಲ್ಲಿ ಅಜ್ಜಿಯೊಬ್ಬರು, ತಮ್ಮ ಅತ್ತೆಯ ಅತ್ತೆ ಮದುವೆಯಾಗಿ ಬಂದಾಗಲೂ ಊರಿನ ಶಾಸನದ ಕಲ್ಲು ಅಲ್ಲೇ ಇತ್ತೆಂದು ಬಹಳ ಹೊತ್ತು ವಿವರಿಸಿದ್ದರು. ನಾನು ವಿನಯದಿಂದ ತಲೆಯಾಡಿಸಿ, ಮಜ್ಜಿಗೆ ಕುಡಿದು, ಒಂದಕ್ಷರವನ್ನೂ ಬರೆದುಕೊಳ್ಳದೆ ಬಂದಿದ್ದೆ.

ಇಂಥವನನ್ನು ದಾವಣಗೆರೆಯ ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, "ಯಾವಾಗಿನಿಂದ?" ನನ್ನ ಪಾಲಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಭಾಷೆಯಲ್ಲೇ ಇಲ್ಲ. ಯುಗಾದಿಯ ಅಭ್ಯಂಜನದಂದು ಒಂದೇ ತಂಬಿಗೆಯ ನೀರು ಬಲಗಾಲಿಗೆ ಬಿಸಿಯಾಗಿಯೂ ಎಡಗಾಲಿಗೆ ತಣ್ಣಗೂ ತೋರಿತ್ತು. ಆದ್ದರಿಂದ ಚೈತ್ರ ಶುದ್ಧ ಪಾಡ್ಯ ಎಂದು ಸಂವತ್ಸರಸಹಿತ ಉತ್ತರಿಸಿದೆ. ವೈದ್ಯರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇದ್ದಕ್ಕಿದ್ದಂತೆ ಒಂದು ದಿನ ಶುರುವಾದದ್ದಾದರೆ ತಾವು ಒಂದು ಬಗೆಯ ಕಾಯಿಲೆಗಳನ್ನು ಹುಡುಕಬೇಕಾಗುತ್ತದೆ, ಅವುಗಳಲ್ಲಿ ಕೆಲವು ಗಂಭೀರವಾದವು. ಅದಕ್ಕೂ ಮೊದಲೇ ನಿಧಾನವಾಗಿ ಬಂದದ್ದಾದರೆ ಹುಡುಕುವ ದಾರಿಯೇ ಬೇರೆ ಎಂದು ತಿಳಿಸಿದರು. ಕಾಲನಿರ್ಣಯದಲ್ಲಿ ಕಾಲೂ ಅಡಗಿದೆಯೆಂಬುದು ನನಗೆ ಹೊಳೆದದ್ದು ಆಗಲೇ.

ಪಕ್ಕದ ಕುರ್ಚಿಯಿಂದ ನನ್ನ ಹೆಂಡತಿ ಗಿರಿಜಾ ಬಾಯಿ ಹಾಕಿದಳು. "ಯುಗಾದಿಗಲ್ಲ ಬಿಡ್ರಿ ಡಾಕ್ಟ್ರೇ. ನ್ಯಾಮತಿಯಾಗೆ ನನ್ನ ತಂಗಿ ಮನೆ ಗೃಹಪ್ರವೇಶ ಇತ್ತಲ್ಲ, ಆವಾಗ್ಲೇ ಇತ್ತು."

ಆ ಪ್ರಸಂಗವನ್ನು ನಾನು ಮರೆತಿರಲಿಲ್ಲ, ಮರೆತಂತೆ ಇದ್ದೆ. ಹೊಸ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನೇರವಾಗಿ ಪೂಜೆಯ ಕೋಣೆಗೆ ಹೋಗಿ ಕೈಮುಗಿದು ನಿಂತಿದ್ದೆ. ಬಿಟ್ಟದ್ದು ಬಲಗಾಲಿನದು ಮಾತ್ರ. ಎಡಗಾಲಿನದು ನನ್ನೊಡನೆ ಒಳಗೆ ಬಂದಿತ್ತು. ಬಂದಿದೆಯೆಂದು ಪಾದ ನನಗೆ ತಿಳಿಸಿರಲಿಲ್ಲ. ಗಿರಿಜಾ ಬಿದ್ದ ಹೂವನ್ನು ಎತ್ತಿಕೊಳ್ಳುವವಳಂತೆ ಬಗ್ಗಿ ಅದನ್ನು ಕಳಚಿ, ಸೆರಗಿನ ಮರೆಯಲ್ಲಿ ಹೊರಗೆ ಸಾಗಿಸಿದಳು. ಆದರೂ ನೋಡುವವರು ನೋಡಿದ್ದರು. ನನ್ನ ಷಡ್ಡಕ ಮೆಲ್ಲಗೆ, "ಅಣ್ಣಾರು ರಿಟೈರಾದ್ಮೇಲೆ ಭಾರಿ ವಿಚಾರವಾದಿ ಆಗಿಬಿಟ್ಟಾರೆ" ಎಂದ. ನಾನು ಅಲ್ಲಗಳೆಯಲಿಲ್ಲ. ಪಾದಕ್ಕೆ ಸ್ಪರ್ಶ ತಿಳಿಯುತ್ತಿಲ್ಲವೆಂದು ಹೇಳುವುದಕ್ಕಿಂತ ದೇವರ ಮೇಲೆ ನಂಬಿಕೆಯಿಲ್ಲವೆಂದು ಹೇಳಿಸಿಕೊಳ್ಳುವುದು ಅಂದು ಹಗುರವೆನಿಸಿತ್ತು.

ವೈದ್ಯರ ಮುಂದೆ ಆ ಗೃಹಪ್ರವೇಶ ಯುಗಾದಿಯ ನಂತರದ್ದೆಂದು ವಾದಿಸಿದೆ. ಗಿರಿಜಾ ನನ್ನ ಕಡೆ ತಿರುಗಿದಳು. "ಅಲ್ಲಿ ಕೊಟ್ಟ ಸೀರೆ ಉಟ್ಕಂಡೇ ಅಲ್ವೇನ್ರೀ ನಾನು ಯುಗಾದಿ ಹೋಳಿಗೆ ಮಾಡಿದ್ದು? ಬೇಳೆಕಟ್ಟು ಚೆಲ್ಲಿದ ಕಲೆ ಇನ್ನೂ ಐತೆ. ತಂದು ತೋರಿಸ್ಲಾ?"

ಯುಗಾದಿಯ ಕಲೆ ಹೊತ್ತ ಸೀರೆಯನ್ನು ಕೊಟ್ಟ ಸಮಾರಂಭವು ಯುಗಾದಿಗಿಂತ ಹಿಂದಿನದೇ ಆಗಿರಬೇಕು. ಇಷ್ಟು ನಿರ್ವಿವಾದವಾದ ಆಧಾರ ಯಾವ ಕಲ್ಲಿನಲ್ಲೂ ನನಗೆ ದೊರೆತಿರಲಿಲ್ಲ. ವೈದ್ಯರು ಚೈತ್ರ ಶುದ್ಧ ಪಾಡ್ಯವನ್ನು ಹೊಡೆದುಹಾಕಿ, ಸೀರೆಯ ಪ್ರಕಾರ ಬರೆದುಕೊಂಡರು. ಬಳಿಕ ನನ್ನ ಕಣ್ಣು ಮುಚ್ಚಿಸಿ, ಎಡಗಾಲಿನ ಹೆಬ್ಬೆರಳನ್ನು ಹಿಡಿದು, ಮೇಲೆತ್ತಿದ್ದೇನೋ ಕೆಳಗಿಳಿಸಿದ್ದೇನೋ ಹೇಳಿ ಎಂದರು. "ಬಹುಶಃ ಮೇಲೆ" ಎಂದೆ. "ಬಹುಶಃ ಬೇಡ ಸಾರ್" ಎಂದರು. ಪುಟಗಟ್ಟಲೆ ಬಹುಶಃ ಬರೆದು ನಿವೃತ್ತನಾದವನಿಗೆ ತನ್ನದೇ ಹೆಬ್ಬೆರಳಿನ ವಿಷಯದಲ್ಲಿ ಆ ಪದವನ್ನು ಬಳಸುವ ಅವಕಾಶ ತಪ್ಪಿತು.

ಕೊನೆಗೆ ಅವರು, ನಿಧಾನವಾಗಿ ಬಂದಿರುವುದು ತುಸು ಸಮಾಧಾನದ ಸಂಗತಿ, ಆದರೆ ನಾವು ಮಾಡಿಸಿ ತಂದಿದ್ದ ಸ್ಕ್ಯಾನಿನಲ್ಲಿ ಯಾವುದೂ ಸ್ಪಷ್ಟವಿಲ್ಲ, ಈ ಬಗ್ಗೆ ಇನ್ನಷ್ಟು ಪರೀಕ್ಷೆಗಳು ಆಗಬೇಕು ಎಂದರು. ನನ್ನ ಲೇಖನಗಳೆಲ್ಲ ಮುಗಿಯುತ್ತಿದ್ದದ್ದು ಹೆಚ್ಚುಕಡಿಮೆ ಇದೇ ವಾಕ್ಯದಿಂದ. ನನಗೆ ಗೊತ್ತಿಲ್ಲ ಎಂಬುದನ್ನು ಗೌರವಯುತವಾಗಿ ಹೇಳುವ ಕ್ರಮ ಅದು. ಬರೆದು ಬರೆದು ಸವೆಸಿದ್ದ ಆ ವಾಕ್ಯದ ಭಾರ, ಅದನ್ನು ಕೇಳಿಸಿಕೊಂಡು ಮನೆಗೆ ಹೋಗಬೇಕಾದವನಿಗೆ ಮಾತ್ರ ತಿಳಿಯುತ್ತದೆ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಒಂದು ಸಂಗತಿ ಗಮನಕ್ಕೆ ಬಂತು. ಮದುವೆಯಾದಾಗಿನಿಂದ ನನ್ನ ಬಲಕ್ಕೇ ನಡೆಯುತ್ತಿದ್ದ ಗಿರಿಜಾ ಈಗ ಎಡಕ್ಕಿದ್ದಳು. ಚೀಲವನ್ನು ಆಚೆ ಕೈಗೆ ಬದಲಿಸಿ, ಈಚೆ ಕೈಯನ್ನು ನನ್ನ ಮೊಣಕೈಯ ಹತ್ತಿರ ಖಾಲಿ ಇಟ್ಟುಕೊಂಡಿದ್ದಳು. ಈ ಸ್ಥಾನಪಲ್ಲಟ ಅಂದಿನದಲ್ಲವೆಂದು ಅವಳ ನಡಿಗೆಯ ಸಲೀಸೇ ಹೇಳುತ್ತಿತ್ತು. ಎಷ್ಟು ದಿನದಿಂದ ಈ ಕಡೆ ಬರುತ್ತಿದ್ದೀಯೆ ಎಂದು ಕೇಳಿದೆ.

"ಅದಕ್ಕೂ ತಾರೀಖು ಬೇಕೇನ್ರೀ? ಮೆಟ್ಟಿಲು ನೋಡ್ಕಂಡು ಇಳೀರಿ."

ಇಳಿದೆ. ಆ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ. ಈ ಬಗ್ಗೆ ಹೆಚ್ಚಿನ ಸಂಶೋಧನೆ ನಡೆಯಬೇಕಾಗಿದೆ. ಸದ್ಯಕ್ಕೆ ನಾನು ಬೀರುವಿನ ಮುಂದೆ ಕುಳಿತು, ಮೂಲ ಆಕರಗಳೆಂಬ ಭಕ್ತಿಯಿಂದ, ಅವಳ ಸೀರೆಗಳನ್ನು ಅಭ್ಯಾಸ ಮಾಡುತ್ತಿದ್ದೇನೆ.