ಬೆಸ್ನಿಕ್‌ನ ತಲೆ, ರಾಮಮೂರ್ತಿಯ ಗ್ಯಾರೇಜು

ಪಕ್ಕದ ಮನೆಯವನು ತಲೆಯಾಡಿಸಿದ. ರಾಮಮೂರ್ತಿಯ ಭಾನುವಾರ ಕೆಟ್ಟಿದ್ದು ಅಷ್ಟಕ್ಕೇ.

ಪಕ್ಕದ ಮನೆಯವನ ಹೆಸರು ಬೆಸ್ನಿಕ್. ದೇಶ ಅಲ್ಬೇನಿಯಾ, ಕಸುಬು ಫುಟ್‌ಬಾಲ್. ಶುಕ್ರವಾರ ಸಂಜೆ ಅವನು ಕಸದ ಡಬ್ಬಿ ಹೊರಗೆ ತಳ್ಳುತ್ತಿದ್ದಾಗ ರಾಮಮೂರ್ತಿ ಬೇಲಿಯ ಮೇಲಿಂದ ಕತ್ತು ಚಾಚಿ, ಭಾನುವಾರ ನಮ್ಮ ಕನ್ನಡ ಸಂಘದ ಕ್ರೀಡೋತ್ಸವ, ಮುಖ್ಯ ಅತಿಥಿಯಾಗಿ ಬರುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಬೆಸ್ನಿಕ್ ಹಲ್ಲು ಬಿಟ್ಟು ನಕ್ಕು, ತಲೆಯನ್ನು ಮೇಲಕ್ಕೂ ಕೆಳಕ್ಕೂ ಎರಡು ಸಲ ಆಡಿಸಿ ಒಳಗೆ ಹೋದ. ರಾಮಮೂರ್ತಿ ಅಲ್ಲೇ ನಿಂತು ಸಂಘದ ಕಾರ್ಯದರ್ಶಿ ಜಲಜಾಗೆ ಫೋನು ಮಾಡಿದ. "ಒಪ್ಕೊಂಡ್ಬಿಟ್ರು ಮೇಡಂ!"

ರಾಮಮೂರ್ತಿಗೆ ಅತಿಥಿಗಳ ಹುಚ್ಚೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದು ತನ್ನ ಗ್ಯಾರೇಜು. ಮಗಳು ಸಿಂಚನಾ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಸಂಘದವರು ಎರಡೇ ವಾರ ಎಂದು ಹೇಳಿ ಬಿಸಿಬೇಳೆಭಾತಿನ ಹಂಡೆ, ನಾಟಕದ ಪರದೆ, ಭುವನೇಶ್ವರಿಯ ಥರ್ಮಾಕೋಲ್ ಸಿಂಹಾಸನ ಎಲ್ಲವನ್ನೂ ಅಲ್ಲಿ ತಂದು ತುಂಬಿದ್ದರು. ಸಿಂಚನಾ ಈಗ ಹಡರ್ಸ್‌ಫೀಲ್ಡಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹಂಡೆಗಳು ಮರಿ ಹಾಕಿವೆ. ರಾಮಮೂರ್ತಿಯ ಕಾರು ಮಾತ್ರ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನ ಮಳೆಯಲ್ಲಿ ಅನಾಥವಾಗಿ ನಿಂತಿದೆ. ಚಳಿಗಾಲದಲ್ಲಿ ಆಫೀಸಿಗೆ ಹೊರಡುವ ಮುನ್ನ ಅವನು ಅದರ ಗಾಜನ್ನು ಸೀದ ದೋಸೆ ಕಾವಲಿಯ ಹಾಗೆ ಕೆರೆಯುತ್ತಾನೆ. ಹೆಂಡತಿ ಹೇಮಲತಾ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತ, "ಹಂಡೆಗೆ ಸೂರಿದೆ, ಗಂಡಂಗಿಲ್ಲ" ಎನ್ನುತ್ತಾಳೆ.

ಮುಖ್ಯ ಅತಿಥಿಯಾಗಿ ಬರಬೇಕಿದ್ದ ದೊಡ್ಡ ಡಾಕ್ಟರು ಆಸ್ಪತ್ರೆಯ ಪಾಳಿ ಬದಲಾಯಿತೆಂದು ಕೈಯೆತ್ತಿದಾಗ ಜಲಜಾ ಕಂಗಾಲಾಗಿ ಹೇಳಿದ್ದಳು: "ಯಾರಾದ್ರೂ ದೊಡ್ಡೋರನ್ನ ಕರ್ಕೊಂಡ್ಬನ್ನಿ ರಾಮಮೂರ್ತಿ. ಅವತ್ತೇ ಸಾಯಂಕಾಲ ನಿಮ್ಮ ಗ್ಯಾರೇಜ್ ಖಾಲಿ ಮಾಡಿಸ್ತೀನಿ. ಎಲ್ಲಾ ದೇವೇಂದ್ರಪ್ಪನವರ ಮನೆಗೆ ಸಾಗಿಸೋಣ." ಅದಕ್ಕೇ ಈ ತಲೆಯಾಟ.

ಭಾನುವಾರ ಬೆಳಿಗ್ಗೆ ರಾಮಮೂರ್ತಿ ರೇಷ್ಮೆ ಜುಬ್ಬಾ ತೊಟ್ಟು ಪಕ್ಕದ ಮನೆಯ ಗಂಟೆ ಒತ್ತಿದ. ಬೆಸ್ನಿಕ್ ಚಡ್ಡಿಯಲ್ಲಿ, ಕೈಯಲ್ಲಿ ಟೇಪಿನ ಸುರುಳಿ ಹಿಡಿದು ಬಾಗಿಲು ತೆರೆದ. ಹಿಂದೆ ಬೆಟ್ಟದಷ್ಟು ರಟ್ಟಿನ ಪೆಟ್ಟಿಗೆಗಳು.

"ಯಾವ ಫಂಕ್ಷನ್ನು?" ಎಂದ ಬೆಸ್ನಿಕ್. "ನಾನು ಆಗಲ್ಲ ಅಂದೆನಲ್ಲ."

"ಆಗಲಿ ಅಂದ್ರಿ! ಹೀಗೆ ತಲೆ ಆಡಿಸಿದ್ರಿ!"

"ಹೌದು, ಹೀಗೆ. ಹೀಗಂದ್ರೆ ನಮ್ಮ ದೇಶದಲ್ಲಿ ಇಲ್ಲ ಅಂತ." ಬೆಸ್ನಿಕ್ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ತೋರಿಸಿದ. "ಇದು ಹೌದು. ಇಲ್ಲಿ ಎಲ್ಲ ಉಲ್ಟಾ ಅಂತ ಗೊತ್ತು. ಸುಸ್ತಾದಾಗ ಮಾತ್ರ ತಲೆ ಅಮ್ಮನ ಮನೆಗೆ ಹೋಗಿಬಿಡುತ್ತೆ."

ರಾಮಮೂರ್ತಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ವಾಟ್ಸಾಪಿನಲ್ಲಿ ಜಲಜಾಳ ಪೋಸ್ಟರು: ‘ಅಂತಾರಾಷ್ಟ್ರೀಯ ಫುಟ್‌ಬಾಲ್ ತಾರೆ ನಮ್ಮೊಂದಿಗೆ!’ ಕೆಳಗೆ ಆಗಲೇ ಚಪ್ಪಾಳೆಯ ಸಾಲು.

ಬೆಸ್ನಿಕ್ ನಾಳೆ ಸ್ಕಾಟ್ಲೆಂಡಿಗೆ ಹೊರಟಿದ್ದ. ಅವನ ಕ್ಲಬ್ಬಿನವರು ಅವನನ್ನು ಒಂದು ಸೀಸನ್ನಿಗೆ ಇನ್ನೊಂದು ಕ್ಲಬ್ಬಿಗೆ ಎರವಲು ಕೊಟ್ಟಿದ್ದರು. ಮನೆಯ ಬಾಡಿಗೆ ಕರಾರೂ ಇವತ್ತಿಗೇ ಮುಗಿಯುತ್ತಿತ್ತು. ಹಾಗಾದರೆ ಪ್ಯಾಕಿಂಗಿಗೆ ನಾನೇ ಕೈ ಹಾಕುತ್ತೇನೆ, ಮಧ್ಯಾಹ್ನ ಒಂದು ಗಂಟೆ ಹೊತ್ತು ಬಂದುಹೋಗಿ, ನೀವು ಬಂದರೆ ಸಂಜೆ ನನ್ನ ಗ್ಯಾರೇಜು ಖಾಲಿಯಾಗುತ್ತದೆ ಎಂದು ರಾಮಮೂರ್ತಿ ಗೋಗರೆದ. ರೇಷ್ಮೆ ಜುಬ್ಬಾದಲ್ಲೇ ಟ್ರೆಡ್‌ಮಿಲ್ ಎತ್ತಿದ, ಫ್ರೀಜರ್ ತಳ್ಳಿದ, ಆಟಗಾರರು ಐಸು ತುಂಬಿ ಕೂರುವ ತೊಟ್ಟಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದ. ಕೊನೆಗೆ ಬೆಸ್ನಿಕ್ ಕನಿಕರಗೊಂಡು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದ. ರಾಮಮೂರ್ತಿಯ ಎದೆ ಧಸಕ್ಕೆಂದಿತು. ಆಮೇಲೆ ಅದು ಹೌದು ಎಂದು ನೆನಪಾಗಿ ಮತ್ತೆ ಹೊಡೆದುಕೊಳ್ಳತೊಡಗಿತು.

ಡಿಡ್ಸ್‌ಬರಿಗೆ ಕ್ರೀಡೋತ್ಸವಕ್ಕೆ ಹೋಗುವ ದಾರಿಯಲ್ಲಿ ಬೆಸ್ನಿಕ್ ತನ್ನ ಕತೆ ಹೇಳಿದ. ಶ್ಕೋದರ್ ಎಂಬ ಊರಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಕ್ರೊಯೇಷಿಯಾದ ಕ್ಲಬ್ಬೊಂದು ಕೊಂಡಿತು, ಬೆಲ್ಜಿಯಮ್ಮಿಗೆ ಎರವಲು ಕೊಟ್ಟಿತು. ಇಂಗ್ಲೆಂಡಿನವರು ಕೊಂಡರು, ಲೀಡ್ಸ್ ಕಡೆಯ ಸಣ್ಣ ಕ್ಲಬ್ಬಿಗೆ ಎರವಲು ಕೊಟ್ಟರು. ಪಕ್ಕದ ಮನೆಯ ಇಡ್ಲಿಪಾತ್ರೆಯ ಹಾಗೆ ಅವನು ಸ್ವಂತ ಮನೆಯಲ್ಲಿದ್ದುದೇ ಅಪರೂಪ. ದೇಶದ ತಂಡಕ್ಕೂ ಎಷ್ಟೋ ಸಲ ಆರಿಸಿದ್ದರು, ಬೆಂಚಿನ ಮೇಲೆ ಕೂರಿಸಲಿಕ್ಕೆ. ಒಂದೇ ಒಂದು ಸಲ ಕೊನೆಯ ಗಳಿಗೆಯಲ್ಲಿ ಮೈದಾನಕ್ಕಿಳಿಸಿದರು. "ಚೆಂಡು ನನ್ನ ಕಡೆಗೇ ಬರ್ತಿತ್ತು. ಇನ್ನೇನು ಕಾಲಿಗೆ ತಾಗಬೇಕು, ರೆಫರಿ ಸೀಟಿ ಊದಿದ. ಅಪ್ಪ ಟೀವಿ ಮುಂದೆ ಊರನ್ನೇ ಕೂರಿಸಿದ್ದ" ಎಂದು ಬೆಸ್ನಿಕ್ ಕಿಟಕಿಯ ಹೊರಗೆ ನೋಡಿದ.

ಅದೇ ಹೊತ್ತಿಗೆ ಜಲಜಾಳ ಕರೆ ಸ್ಪೀಕರಿನಲ್ಲಿ ಬಡಿದುಕೊಂಡಿತು: "ಎಲ್ಲಿದೀರ? ದೀಪಕ್ಕೆ ಎಣ್ಣೆ ಹಾಕಾಯ್ತು!" ಬೆಸ್ನಿಕ್ ತನ್ನ ಸಾಮಾನು, ವ್ಯಾನು, ಸಂಜೆ ಎಂದು ಏನೇನೋ ಕೇಳುತ್ತಿದ್ದ. ಮೋಟರ್‌ವೇಯಲ್ಲಿ ಲೇನು ಬದಲಿಸುತ್ತಿದ್ದ ರಾಮಮೂರ್ತಿ, ನಮ್ಮ ಜನ ಯಾರ ಯಾವ ಮಾತಿಗಾದರೂ ಆಡಿಸುವಂತೆ, ತಲೆಯನ್ನು ಅತ್ತಿತ್ತ ತೂಗಿದ. ಬೆಸ್ನಿಕ್ ಅವನ ಭುಜ ಹಿಸುಕಿ, "ಒಳ್ಳೇ ಮನುಷ್ಯ" ಎಂದ.

ಮಳೆಯೆಂದು ಕ್ರೀಡೋತ್ಸವವನ್ನು ಸಭಾಂಗಣದೊಳಗೇ ಇಟ್ಟುಕೊಂಡಿದ್ದರು. ಅತಿಥಿ ಪರಿಚಯ ಮಾಡಬೇಕಾದವರು ಧಾರವಾಡದ ನಿವೃತ್ತ ಡಾಕ್ಟರು ದೇವೇಂದ್ರಪ್ಪ. ಅವರು ಬಾಗಿಲಲ್ಲೇ ರಾಮಮೂರ್ತಿಯ ರಟ್ಟೆ ಹಿಡಿದರು.

"ಏನಪಾ, ದೇಶದ ಪರ ಎಷ್ಟ್ ಗೋಲ್ ಹೊಡದಾನ ಈ ಬಸನಾಯಕ?"

"ಬೆಸ್ನಿಕ್, ಸಾರ್. ಗೋಲ್ ಹೊಡೆದಿಲ್ಲ."

"ಹೋಗ್ಲಿ ಬಿಡು, ಆಟರೆ ಆಡ್ಯಾನಿಲ್ಲೋ?"

"ಆಡಿದ್ದಾರೆ. ಚೆಂಡು ಮುಟ್ಟಿಲ್ಲ."

ದೇವೇಂದ್ರಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಚೆಂಡ್ ಮುಟ್ಟದಂಗ ಅಂತಾರಾಷ್ಟ್ರೀಯ ಆಟಗಾರ ಆದಾನಂದ್ರ ಸಣ್ಣ ಮನಷ್ಯಾ ಅಲ್ಲ ತಗೋ. ನಾ ನೋಡ್ಕೋತೀನಿ."

ನೋಡಿಕೊಂಡರು. ವೇದಿಕೆಯ ಮೇಲೆ ಬಸನಾಯಕನು ಏಳು ಸಮುದ್ರ ದಾಟಿದ. ಅವನನ್ನು ಎರವಲು ಪಡೆಯಲು ದೇಶದೇಶಗಳು ಸರದಿ ನಿಂತವು. ಅವನು ಮೈದಾನಕ್ಕೆ ಕಾಲಿಟ್ಟ ಕೂಡಲೇ ಹೆದರಿ ಆಟವನ್ನೇ ನಿಲ್ಲಿಸಲಾಯಿತು. ಕನ್ನಡ ಬಾರದ ಬೆಸ್ನಿಕ್, ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಚಪ್ಪಾಳೆ ಕೇಳಿ ಕಣ್ಣೊರೆಸಿಕೊಂಡ. ಎದುರಿಗೆ ಕೂತ ತಾಯಂದಿರು ತಮ್ಮ ಮಕ್ಕಳನ್ನು ಕ್ಲಬ್ಬಿಗೆ ಸೇರಿಸಬೇಕೆಂದು ಆಗಲೇ ರಾಮಮೂರ್ತಿಯ ಜುಬ್ಬಾ ಜಗ್ಗುತ್ತಿದ್ದರು.

ಉದ್ಘಾಟನೆಗೆ ಜಲಜಾ ಒಂದು ಚೆಂಡನ್ನು ಕುಂಕುಮ ಹಚ್ಚಿ ತಂದಿಟ್ಟಳು. "ಸುಮ್ನೆ ಮೆತ್ತಗೆ ತಳ್ಳಕ್ಕೆ ಹೇಳಿ ರಾಮಮೂರ್ತಿ, ಶಾಸ್ತ್ರಕ್ಕೆ."

ಹೇಳುವಷ್ಟರಲ್ಲಿ ಬೆಸ್ನಿಕ್ ಹಿಂದೆ ಸರಿದಿದ್ದ. ಈ ಸಲ ಯಾವ ರೆಫರಿಯೂ ಇರಲಿಲ್ಲ. ದೇಶದ ಪರ ಮುಟ್ಟದೇ ಉಳಿದ ಆ ಚೆಂಡಿನ ಲೆಕ್ಕವನ್ನೆಲ್ಲ ಒಂದೇ ಒದೆತದಲ್ಲಿ ತೀರಿಸಿದ. ಚೆಂಡು ಬ್ಯಾನರು ಹರಿದು, ಗೋಡೆಗೆ ಬಡಿದು, ತಿರುಗಿ ಬಂದು ನೀರುಮಜ್ಜಿಗೆಯ ಹಂಡೆಯನ್ನು ಉರುಳಿಸಿತು. ಹಂಡೆಯ ಪಕ್ಕದಲ್ಲಿ ಯಾರು ನಿಂತಿದ್ದರೆಂದು ಹೇಳಬೇಕಾಗಿಲ್ಲ. ಜುಬ್ಬಾದಿಂದ ಕರಿಬೇವು ಕೊಡವಿಕೊಳ್ಳುತ್ತ ರಾಮಮೂರ್ತಿ, ಗ್ಯಾರೇಜು, ಗ್ಯಾರೇಜು ಎಂದು ಜಪ ಮಾಡಿದ. ಇಡೀ ಸಭೆ ಎದ್ದು ನಿಂತು ಕುಣಿಯಿತು.

ಜಲಜಾ ಮಾತಿಗೆ ತಪ್ಪಲಿಲ್ಲ. ಸಂಜೆ ವ್ಯಾನು ಬಂತು. ಹಂಡೆ, ಪರದೆ ಎಲ್ಲ ಹತ್ತಿದವು. ಸಿಂಹಾಸನ ಮಾತ್ರ ಹಿಡಿಸದೆ ಇನ್ನೂ ಗೇಟಿನ ಬಳಿ ನಿಂತಿತ್ತು. ಗ್ಯಾರೇಜಿನ ನೆಲ ಸಿಮೆಂಟಿನದೆಂದು ರಾಮಮೂರ್ತಿಗೆ ಅವತ್ತೇ ತಿಳಿದದ್ದು. ಹೇಮಲತಾಳನ್ನು ಕರೆದು ತೋರಿಸಿದ. ಜಲಜಾ ಸಂತೋಷಕ್ಕೆ ತಾನೇ ಮಾಡಿದ ಮೈಸೂರು ಪಾಕಿನ ದೊಡ್ಡ ತುಂಡೊಂದನ್ನು ಅವನ ಬಾಯಿಗೆ ತುರುಕಿದಳು. ಜಲಜಾಳ ಮೈಸೂರು ಪಾಕಿಗೆ ಹೆದರಿ ಸಂಘದ ಹಿರಿಯರು ಹಲ್ಲುಸೆಟ್ಟು ತೆಗೆದಿಟ್ಟು ಬರುತ್ತಿದ್ದರು. ಮೇಲಿನ ಹಲ್ಲು ಕೆಳಗಿನದಕ್ಕೆ ಅಂಟಿಕೊಂಡೇ ರಾಮಮೂರ್ತಿ ಕಾರಿನ ಕೀಲಿ ತೆಗೆದ.

ಆಗ ಬೆಸ್ನಿಕ್ ಬಂದ. ತಲೆಯ ಮೇಲೆ ಇನ್ನೂ ಪೇಟ, ತೋಳಲ್ಲಿ ಟ್ರೆಡ್‌ಮಿಲ್.

"ಎಲ್ಲಿಡಲಿ ಬ್ರದರ್? ಒಂದೇ ಸೀಸನ್ನು, ಆಮೇಲೆ ತಗೊಂಡು ಹೋಗ್ತೀನಿ."

ರಾಮಮೂರ್ತಿ ಕಣ್ಣು ಬಿಟ್ಟ.

"ಕಾರಲ್ಲಿ ಕೇಳಿದೆನಲ್ಲ, ಸಂಜೆ ಗ್ಯಾರೇಜು ಖಾಲಿಯಾದ್ರೆ ನನ್ನ ಸಾಮಾನು ಇಡಲಾ ಅಂತ? ನೀವು ಹೀಗೆ ಹೀಗೆ ಅಂದ್ರಿ. ಮ್ಯಾಂಚೆಸ್ಟರಿನಲ್ಲಿ ನಮ್ಮೂರ ಥರ ತಲೆ ಆಡಿಸಿದವರು ನೀವೊಬ್ಬರೇ! ಈಗಲೂ ಹೌದು ತಾನೆ?"

ಬಾಯಿ ಬಿಡಲಾಗಲಿಲ್ಲ. ರಾಮಮೂರ್ತಿ ಗಾಬರಿಯಿಂದ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿದ. ಬೆಸ್ನಿಕ್ ಅವನನ್ನು ಅಪ್ಪಿಕೊಂಡು, ಫ್ರೀಜರ್ ತರಲು ಓಡಿದ.

ತಪ್ಪು ಹೊಳೆಯಿತು. ರಾಮಮೂರ್ತಿ ಅವನ ಬೆನ್ನ ಹಿಂದೆಯೇ ಓಡಿ, ಈ ಸಲ ಸರಿಯಾಗಿ, ಮೇಲಕ್ಕೂ ಕೆಳಕ್ಕೂ, ಕತ್ತು ಉಳುಕುವಂತೆ ತಲೆಯಾಡಿಸಿದ.

ಅದೇ ಗಳಿಗೆಗೆ ಜಲಜಾ ಗೇಟಿನಿಂದ ಕೂಗುತ್ತಿದ್ದಳು: "ರಾಮಮೂರ್ತಿ, ಈ ಸಿಂಹಾಸನ ದೇವೇಂದ್ರಪ್ಪನವರ ಮನೆ ಬಾಗ್ಲಲ್ಲಿ ಹಿಡಿಸಲ್ವಂತೆ. ಎರಡೇ ವಾರ, ನಿಮ್ಮಲ್ಲೇ ಇರ್ಲಾ? ಆಹಾ, ನೋಡಿ ಹೇಗೆ ತಲೆ ಆಡಿಸ್ತಿದಾರೆ, ದೊಡ್ಡ ಮನಸ್ಸು!"

ಮತ್ತೆ ಮಳೆ ಶುರುವಾಯಿತು. ಕಿಟಕಿಯಲ್ಲಿ ಹೇಮಲತಾ ಕಾಫಿ ಹಿಡಿದು ನಿಂತಳು. ರಾಮಮೂರ್ತಿಯ ಬಾಯಿ ಖಾಲಿಯಾಗುವಷ್ಟರಲ್ಲಿ ಗ್ಯಾರೇಜು ತುಂಬಿತ್ತು.